ಅರ್ಧ ಸೂತ

ನಮ್ಮ ಚಿಕ್ಕೋಡಿ ಸೀಮೆಯ ಬಡಿಗರೂ ಗೌಂಡಿಗಳೂ ‘ಸೂತ’ ಎಂಬ ಒಂದೇ ಮಾತನ್ನು ಎರಡು ಅರ್ಥದಲ್ಲಿ ಬಳಸುತ್ತಾರೆ. ನೇರ ನೋಡಲು ಹಿಡಿಯುವ ದಾರವೂ ಸೂತವೇ; ಅಂಗುಲದ ಎಂಟರಲ್ಲೊಂದು ಪಾಲೂ ಸೂತವೇ. ಸಾಧನದ ಹೆಸರು ಅಳತೆಗೂ ಅಂಟಿಕೊಂಡಿರುವುದರ ಔಚಿತ್ಯ ನನಗೆ ಮನದಟ್ಟಾದದ್ದು, ಹಳೆಯ ಮೋಟಾರೊಂದರ ಚಕ್ರಗಳನ್ನು ಹದಕ್ಕೆ ತರುವ ಕೆಲಸವನ್ನು ನಿಪ್ಪಾಣಿಯಲ್ಲಿ ಎರಡು ದಿನ ಕುಳಿತು ನೋಡಿದಾಗ.

ಮೋಟಾರು ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆಸರಿನಿಂದ 1959ರಲ್ಲಿ ಹೊರಬಂದ ಈ ಗಾಡಿ 1961ರಿಂದ ಮದರಾಸಿನಲ್ಲಿ ತಯಾರಾಗತೊಡಗಿತು. ಮೈಕಟ್ಟನ್ನು ರೂಪಿಸಿದವನು ಇಟಲಿಯ ಮಿಕೆಲೊಟ್ಟಿ. ಇದರದೇ ಚೌಕಟ್ಟನ್ನು ಗಿಡ್ಡಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಕ್ರೀಡಾಮೋಟಾರನ್ನು ಕಟ್ಟಿದರು. ಆ ಚಪಲೆಗೆ ನಮ್ಮ ಹೆರಾಲ್ಡು ಗೃಹಿಣಿಯಾದ ಅಕ್ಕನೆಂದರೆ ಸಲ್ಲುತ್ತದೆ. ಅಕ್ಕತಂಗಿಯರ ಗುಣದೋಷಗಳೂ ಬಹುಪಾಲು ಒಂದೇ.

ನನ್ನ ಅಕ್ಕನ ಮಗ ಇದನ್ನು ಅಥಣಿಯ ಒಂದು ಮನೆತನದಿಂದ ಕೊಂಡು ತಂದ. ಹೊಸ ಟೈರು ಒಂದೇ ಮಳೆಗಾಲದಲ್ಲಿ ಸವೆದವು. ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ ಒಂದು ದಿಕ್ಕಿಗೆ ಎಳೆದರೆ ನುಣುಪು, ತಿರುಗಿ ಎಳೆದರೆ ಗರಗಸ. ನಗರದ ಒಂದು ಕಾರ್ಯಾಗಾರಕ್ಕೆ ಒಯ್ದರೆ ಅಲ್ಲಿನ ಗಣಕಯಂತ್ರದ ಪಟ್ಟಿಯಲ್ಲಿ ಇಂಥ ಗಾಡಿಯೇ ಇಲ್ಲವೆಂದು ಮರಳಿ ಕಳಿಸಿದರು. ಅಕ್ಕನಂತೂ, ಇದನ್ನು ಗುಜರಿಗೆ ಹಾಕುವವರೆಗೆ ಸೊಸೆಯನ್ನೂ ಮೊಮ್ಮಗನನ್ನೂ ಅದರಲ್ಲಿ ಕೂಡಿಸಗೊಡುವುದಿಲ್ಲವೆಂದು ಹಟ ಹಿಡಿದಳು.

ಅವಳ ಭಯ ನಿರಾಧಾರವಾದುದಲ್ಲ. ಸಂಕೇಶ್ವರದ ಕಡೆಯಿಂದ ನಿಪ್ಪಾಣಿಗೆ ಬರುವವರು ತವಂದಿ ಘಾಟನ್ನು ಇಳಿಯಲೇಬೇಕು. ಹೆರಾಲ್ಡಿನ ಹಿಂದಿನ ಅಚ್ಚಾದರೋ ಎತ್ತಿನ ಬಂಡಿಯದರಂತೆ ಇಡಿಯ ಒಂದು ದಂಡವಲ್ಲ; ನಡುವಿನ ಪೆಟ್ಟಿಗೆಯಿಂದ ಎರಡು ದಂಡಗಳು ಹಕ್ಕಿಯ ರೆಕ್ಕೆಗಳಂತೆ ಬೇರೆಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ. ತಿರುವಿನಲ್ಲಿ ವೇಗವಾಗಿ ಹೋಗುತ್ತಿರುವಾಗ ಹೆದರಿ ಕಾಲು ತೆಗೆದರೆ ಹಿಂಭಾಗ ಹಗುರಾಗಿ ಏಳುತ್ತದೆ, ಚಕ್ರಗಳ ಬುಡ ಒಳಕ್ಕೆ ಮಡಚುತ್ತದೆ, ನೆಲದ ಹಿಡಿತ ತಪ್ಪಿ ಬಾಲ ಹೊರಗೆ ಜಾರುತ್ತದೆ. 1972ರಲ್ಲಿ ಇದೇ ಗಾಡಿಯನ್ನು ಮಾರ್ಪಡಿಸಿ ‘ಗೆಝೆಲ್’ ಎಂದು ಹೆಸರಿಟ್ಟಾಗ ಮದರಾಸಿನವರು ಈ ರೆಕ್ಕೆಗಳನ್ನು ತೆಗೆದು ಇಡಿ ಅಚ್ಚನ್ನೇ ಕೂಡಿಸಿದರು. ಇಂಥ ಗಾಡಿಯ ಮುಂದಿನ ಚಕ್ರಗಳೂ ಅಡ್ಡಾದಿಡ್ಡಿಯಾದರೆ ಘಾಟಿನಲ್ಲಿ ದೇವರೇ ಗತಿ.

ಕೊನೆಗೆ ನಿಪ್ಪಾಣಿಯ ಹಿರಿಯ ಮಿಸ್ತ್ರಿಯೊಬ್ಬರು ಒಪ್ಪಿಕೊಂಡರು. ಅವರು ಮೊದಲು ಹುಡುಕಿದ್ದು ಪಾನೆಯನ್ನಲ್ಲ, ಮಟ್ಟಸವಾದ ನೆಲವನ್ನು. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಎರೆಮಣ್ಣಿನ ನಾಡಿನಲ್ಲಿ ಅದು ಸುಲಭವೆ? ಒಂದು ತಂಬಾಕಿನ ವಖಾರಿ ಸಿಕ್ಕಿತು. ಗೌಂಡಿಗಳ ನೀರಿನ ಕೊಳವೆಯಿಂದ ನಾಲ್ಕು ಮೂಲೆಗಳ ಮಟ್ಟ ನೋಡಿಯಾಯಿತು. ಮುಂದಿನ ಚಕ್ರಗಳ ಬುಡದ ತಿರುಗುಣಿಗೆ ಗ್ರೀಸು ತುಂಬಿದ್ದನ್ನು ಕಂಡು ಮಿಸ್ತ್ರಿ ಸಿಡಿಮಿಡಿಗೊಂಡರು. ಅಲ್ಲಿಗೆ ಬೇಕಾದುದು ಗೇರಿನ ದಪ್ಪ ಎಣ್ಣೆ. ಗ್ರೀಸು ಒಳಗಿನ ಮರೆಯ ತನಕ ಇಳಿಯದೆ ತುಕ್ಕು ಹಿಡಿದು ಒಂದು ದಿನ ಚಕ್ರವೇ ಮುರಿದು ಬೀಳುತ್ತದೆ. ಆ ದಿನವೆಲ್ಲ ಅದನ್ನು ತೊಳೆಯುವುದರಲ್ಲೇ ಹೋಯಿತು.

ಮರುದಿನ ಮುಂದಿನ ಆಸನಗಳ ಮೇಲೆ ಆಳಿನ ತೂಕಕ್ಕೆ ಸರಿಯಾಗಿ ಬೆಲ್ಲದ ಪೆಂಟೆಗಳನ್ನು ಹೇರಿದರು. ಜಾಕಿಯಿಂದ ಇಳಿಸಿದ ಹೆರಾಲ್ಡು ಹಿಂದಿನ ಕಾಲುಗಳನ್ನು ಮುದುಡಿಕೊಂಡೇ ನಿಲ್ಲುವುದರಿಂದ, ಅದನ್ನು ಹಿಂದೆ ಮುಂದೆ ಉರುಳಿಸಿ, ಕಡೆಗೆ ಮುಂದಕ್ಕೇ ತಳ್ಳಿ ನಿಲ್ಲಿಸಿದರು. ಚಕ್ರದ ನಡುಮಟ್ಟದಲ್ಲಿ ಎರಡೂ ಪಕ್ಕಕ್ಕೆ ಸೂತ ಬಿಗಿದರು. ಗಾಡಿಯ ಮುಂದೆಯೂ ಹಿಂದೆಯೂ ಸೂತಗಳ ನಡುವಿನ ಅಂತರ ಒಂದೇ. ಆಮೇಲೆ ಸೂತದಿಂದ ಚಕ್ರದ ಅಂಚಿನ ಮುಂಬದಿಗೆಷ್ಟು, ಹಿಂಬದಿಗೆಷ್ಟು ಎಂಬ ಲೆಕ್ಕ. ಚಕ್ರದ ಅಂಚೇ ಡೊಂಕಿದ್ದೀತೆಂದು ಅರ್ಧ ಸುತ್ತು ಉರುಳಿಸಿ ಮತ್ತೊಮ್ಮೆ ಅಳೆದರು. ಎರಡು ಚಕ್ರಗಳೂ ಕೂಡಿ ಎರಡು ಸೂತದಷ್ಟು ಹೊರಕ್ಕೆ ಮುಖ ಮಾಡಿದ್ದವು!

“ಇನ್ನು ನೇರ ಮಾಡಿಬಿಡುವುದಷ್ಟೇ” ಎಂದೆ.

“ಇಲ್ರಿ ಸಾಹೇಬ್ರ, ಅರ್ಧ ಸೂತ ಒಳಗ ನೋಡಬೇಕ್ರಿ. ನಿಂತಾಗ ಚೂರು ಸೊಟ್ಟ ಇದ್ದರ, ಓಡುವಾಗ ನೆಟ್ಟಗ ಹೋಗತೈತಿ.”

ಕಾರಣವನ್ನೂ ಹೇಳಿದರು. ಈ ಗಾಡಿಯನ್ನು ನೂಕುವವು ಹಿಂದಿನ ಚಕ್ರಗಳು. ಮುಂದಿನವನ್ನು ರಸ್ತೆ ಹಿಂದಕ್ಕೆ ಒತ್ತುತ್ತದೆ. ಕೀಲುಗಳ ಸಡಿಲವೆಲ್ಲ ಆಗ ಒಂದೇ ಕಡೆಗೆ ಸರಿದು ಚಕ್ರಗಳು ಹೊರಕ್ಕೆ ತೆರೆಯುತ್ತವೆ. ಆ ತೆರೆಯುವಿಕೆಗಾಗಿ ಮುಂಚೆಯೇ ಇಟ್ಟ ಪಾಲು ಈ ಅರ್ಧ ಸೂತ, ಅಂಗುಲದ ಹದಿನಾರರಲ್ಲೊಂದು. ಎಡಬಲದ ಸರಳುಗಳ ಬೀಗದ ನಟ್ಟು ಸಡಿಲಿಸಿ ಎರಡನ್ನೂ ಸಮನಾಗಿ ತಿರುಗಿಸುತ್ತ ಹೋದರು. ಒಂದನ್ನೇ ತಿರುಗಿಸಿದರೂ ಅಳತೆ ಕೂಡೀತು, ಆದರೆ ಕೈಯೊಳಗಿನ ಸ್ಟೇರಿಂಗು ಸೊಟ್ಟಗೆ ನಿಂತೀತು. ಕಾಲು ಸುತ್ತು ತಿರುಗಿಸಿದಾಗಲೆಲ್ಲ ಗಾಡಿ ಉರುಳಿಸಿ ಮತ್ತೆ ಅಳತೆ. ಹನ್ನೊಂದು ಸಲ ಎಣಿಸಿದೆ. ಹಿಂದಿನ ಚಕ್ರಗಳು ದೈವವಶಾತ್ ಸಮನಾಗಿಯೇ ಇದ್ದವು.

ಸಂಜೆ ಘಾಟು ಹತ್ತಿ ತಿರುಗಿ ಇಳಿದೆವು. ಮಿಸ್ತ್ರಿ ಪಕ್ಕದಲ್ಲಿ ಕುಳಿತು ಅಳಿಯನಿಗೆ, ತಿರುವಿಗೆ ಮೊದಲೇ ವೇಗ ಇಳಿಸು, ತಿರುವಿನೊಳಗೆ ಕಾಲು ತೆಗೆಯಬೇಡ ಎಂದು ಪಾಠ ಹೇಳುತ್ತಲೇ ಇದ್ದರು. ಕಬ್ಬಿನ ಹಂಗಾಮಿನಲ್ಲಿ ರಾಯಬಾಗ, ಕಾಗವಾಡದ ಕಡೆ ತಿರುಗಾಡಿ ಬಂದರೆ ಮತ್ತೆ ತೋರಿಸಬೇಕೆಂಬುದು ಅವರ ಕರಾರು. ಕಬ್ಬಿನ ಗಾಡಿಗಳು ತುಳಿದ ರಸ್ತೆಯ ಗುಂಡಿಗೆ ಅರ್ಧ ಸೂತ ಎಷ್ಟರದು! ದೀಪಾವಳಿಯ ಹೊತ್ತಿಗೆ ಅಕ್ಕ ಅದೇ ಗಾಡಿಯಲ್ಲಿ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಅಥಣಿಗೆ ಹೋಗಿಬಂದಳು. ದಾರಿಯುದ್ದಕ್ಕೂ ಅವಳು ದೂರಿದ್ದು ಹಿಂದಿನ ಆಸನದ ಇಕ್ಕಟ್ಟನ್ನು ಮಾತ್ರ.