ಏಜೆಂಟರಿಲ್ಲದೆ ವಿಯೆಟ್ನಾಮಿನ ಮೆಣಸು ತೋಟಕ್ಕೆ

ವಿದೇಶ ಪ್ರವಾಸ ಅಂದರೆ ದೊಡ್ಡ ಎಸ್ಟೇಟಿನವರ ಮಾತು ಎನ್ನುವ ಭಾವನೆ ನಮ್ಮಲ್ಲಿದೆ. ಮೂರು-ನಾಲ್ಕು ಎಕ್ರೆಯವರೂ ಹೋಗಿ ಬರಬಹುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಿಂದ ಒಬ್ಬೊಬ್ಬರಂತೆ ನಾವು ಮೂವರು 2025ರ ಮಾರ್ಚ್‌ನಲ್ಲಿ ಒಂಬತ್ತು ದಿನ ವಿಯೆಟ್ನಾಮಿಗೆ ಹೋಗಿ ಬಂದೆವು. ಏಜೆಂಟರ ಸಹಾಯ ಇರಲಿಲ್ಲ. ಒಬ್ಬರಿಗೆ ಬಿದ್ದ ಖರ್ಚು 49,700 ರೂಪಾಯಿ. ಹೇಗೆ ಯೋಜನೆ ಮಾಡಿದೆವು ಎನ್ನುವುದು ಇತರರಿಗೂ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಯಾಕೆ ವಿಯೆಟ್ನಾಂ?

ಹಳದಿ ಎಲೆ ರೋಗ ನಮ್ಮ ಮೂರೂ ತಾಲೂಕುಗಳ ಅಡಿಕೆಯನ್ನು ತಿಂದು ಹಾಕುತ್ತಿದೆ. ಈಗ ಎಲೆಚುಕ್ಕಿಯೂ ಸೇರಿಕೊಂಡಿದೆ. ಹಾಗಾಗಿ ಹೆಚ್ಚಿನವರ ಕಣ್ಣು ಕಾಳುಮೆಣಸು, ಕಾಫಿಯ ಮೇಲೆ. ಈ ಎರಡರಲ್ಲೂ ನಮ್ಮ ಎದುರಾಳಿ ವಿಯೆಟ್ನಾಂ. ಮೆಣಸಿನಲ್ಲಿ ಅದೇ ಜಗತ್ತಿಗೆ ಮೊದಲು, ರೊಬಸ್ಟಾದಲ್ಲೂ ಅಷ್ಟೇ. 2015ರಲ್ಲಿ ಕಿಲೋಗೆ 700 ರೂಪಾಯಿಯ ಆಸುಪಾಸಿನಲ್ಲಿದ್ದ ನಮ್ಮ ಮೆಣಸು 2020ರ ಹೊತ್ತಿಗೆ 300ರ ಹತ್ತಿರ ಇಳಿದದ್ದಕ್ಕೆ ಅಲ್ಲಿಯ ಬೆಳೆಯೇ ದೊಡ್ಡ ಕಾರಣ. ನಮ್ಮ ದರ ನಿರ್ಧರಿಸುವ ತೋಟವನ್ನು ಒಮ್ಮೆ ಕಣ್ಣಾರೆ ನೋಡಬೇಡವೇ?

ಏಜೆಂಟರ ಪ್ಯಾಕೇಜುಗಳಲ್ಲಿ ಸಮುದ್ರ, ದೋಣಿ, ಪೇಟೆ ಇರುತ್ತವೆ. ತೋಟ ಇರುವುದಿಲ್ಲ. ನಾವೇ ಯೋಜನೆ ಹಾಕಿಕೊಳ್ಳಲು ಮುಖ್ಯ ಕಾರಣ ಇದು. ದುಡ್ಡು ಉಳಿದದ್ದು ಆಮೇಲಿನ ಮಾತು.

ಮೊದಲ ಕೆಲಸ ಪಾಸ್‌ಪೋರ್ಟ್

ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ಮೈಸೂರಿನಿಂದಲೇ ಶುರುವಾಯಿತು. ನಾವು ಹೋದದ್ದು ಶಿವಮೊಗ್ಗದ ಕೇಂದ್ರಕ್ಕೆ. ಇಂಟರ್‌ನೆಟ್ಟಿನಲ್ಲಿ ಅರ್ಜಿ ತುಂಬಿ, ದಿನ ಗೊತ್ತುಮಾಡಿಕೊಂಡು, ಮೂಲ ದಾಖಲೆ ಹಿಡಿದು ಹೋದರೆ ಆಯಿತು. 36 ಪುಟದ ಪುಸ್ತಕಕ್ಕೆ ನಾವು ಕಟ್ಟಿದ ಶುಲ್ಕ 1500 ರೂಪಾಯಿ. ಹತ್ತು ವರ್ಷ ಬಾಳಿಕೆ. ಆಮೇಲೆ ನಮ್ಮ ಠಾಣೆಯಿಂದ ಪೊಲೀಸ್ ವಿಚಾರಣೆ ನಡೆಯುತ್ತದೆ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಹೆಸರು. ನಮ್ಮ ಕಡೆ ಹೆಸರಿನ ಹಿಂದೆ ಎರಡು-ಮೂರು ಇನಿಶಿಯಲ್ ಇರುವುದು ಮಾಮೂಲು. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಪೂರ್ತಿ ಬರೆಯಬೇಕು. ಆಧಾರ್, ಪಾನ್‌ಗಳಲ್ಲೂ ಹೆಸರು ಒಂದೇ ರೀತಿ ಇದ್ದರೆ ತಕರಾರಿಲ್ಲ. ಮುಂದೆ ವಿಮಾನದ ಟಿಕೆಟ್, ವೀಸಾ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ, ಒಂದಕ್ಷರ ಹೆಚ್ಚುಕಮ್ಮಿ ಇಲ್ಲದೆ ಬರೆಯಬೇಕು.

ಇನ್ನೊಂದು, ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ 'ಇಸಿಆರ್' ಎಂಬ ಗುರುತು ಬೀಳಬಹುದು. ಅದನ್ನು ಕಂಡು ಹೆದರಬೇಕಿಲ್ಲ. ಅದು ಕೆಲವು ದೇಶಗಳಿಗೆ ಕೂಲಿ-ಕೆಲಸಕ್ಕೆ ಹೋಗುವವರಿಗೆ ಸಂಬಂಧಪಟ್ಟದ್ದು. ಪ್ರವಾಸಕ್ಕೆ ತಡೆಯಿಲ್ಲ.

ತೋಟದ ಕ್ಯಾಲೆಂಡರ್ ನೋಡಿ ದಿನ ಗೊತ್ತುಮಾಡಿ

ಅಕ್ಟೋಬರ್‌ನಿಂದ ಜನವರಿವರೆಗೆ ಕೊನೆ ಕೊಯ್ಲು. ಮಳೆಗಾಲದ ಮೊದಲು ಬೋರ್ಡೋ. ನಡುವೆ ಮೆಣಸು, ಕಾಫಿ. ನಮಗೆ ಸಿಗುವ ಸಂದು ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯ. ಅದೃಷ್ಟಕ್ಕೆ ಅಲ್ಲಿಯ ಗುಡ್ಡನಾಡಿನಲ್ಲಿ ಮೆಣಸಿನ ಕೊಯ್ಲು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ನೀರು ಬಿಡಲು, ದನ ನೋಡಲು ಮನೆಯಲ್ಲಿ ಜನ ಇರಬೇಕು. ನಾವು ಪಕ್ಕದ ಮನೆಯವರ ಜತೆ ಮುಯ್ಯಿ ಮಾಡಿಕೊಂಡೆವು.

ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವ ಅವರ ಹೊಸ ವರ್ಷ 'ಟೆಟ್' ಸಮಯಕ್ಕೆ ಹೋಗಬೇಡಿ. ಅಂಗಡಿ ಮುಚ್ಚಿರುತ್ತವೆ, ಬಸ್ಸು ಸಿಗೋದಿಲ್ಲ. ಏಪ್ರಿಲ್ 30, ಮೇ 1 ಕೂಡ ಅಲ್ಲಿ ರಜೆ.

ವೀಸಾ ಮತ್ತು ಟಿಕೆಟ್

ವಿಯೆಟ್ನಾಂ ಇ-ವೀಸಾ ಕೊಡುತ್ತದೆ. ಒಂದು ಸಲದ ಪ್ರವೇಶಕ್ಕೆ ನಮಗೆ ಆದದ್ದು 25 ಡಾಲರ್. 2023ರ ಆಗಸ್ಟ್ 15ರಿಂದ ಅದರ ಅವಧಿಯನ್ನು 90 ದಿನಕ್ಕೆ ಏರಿಸಿದ್ದಾರೆ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳು ಬಾಳಿಕೆ ಇರಬೇಕು. ಫೋಟೋ ಮತ್ತು ಪಾಸ್‌ಪೋರ್ಟಿನ ಮುಖ್ಯ ಪುಟ ಕಳಿಸಿದರೆ ಸಾಕು. ಅರ್ಜಿಯಲ್ಲಿ ಯಾವ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೀರಿ ಎಂದು ತುಂಬಬೇಕು. ಮೂರು ಕೆಲಸದ ದಿನ ಸಾಕು ಎನ್ನುತ್ತಾರೆ. ನಾವು ಮೂರು ವಾರ ಮೊದಲೇ ಹಾಕಿದೆವು. ಕಟ್ಟಿದ ಹಣ ವಾಪಸ್ ಬರುವುದಿಲ್ಲ.

ಸರ್ಕಾರದ್ದೇ ಎಂದು ಕಾಣುವ ನಕಲಿ ತಾಣಗಳಿವೆ, ದುಪ್ಪಟ್ಟು ದುಡ್ಡು ಕೇಳುತ್ತವೆ. ಅಸಲಿ ವಿಳಾಸ 'ಗೋವ್ ಡಾಟ್ ವಿಎನ್' ಎಂದೇ ಮುಗಿಯುತ್ತದೆ. ವೀಸಾವನ್ನು ಕಾಗದದಲ್ಲಿ ಎರಡು ಪ್ರತಿ ಮುದ್ರಿಸಿಟ್ಟುಕೊಳ್ಳಿ. ಮೊಬೈಲ್ ನಂಬಿ ಕೂರಬೇಡಿ.

ಊರು, ದಾರಿ, ಭಾಷೆ

ಬೆಂಗಳೂರಿನಿಂದ ಹೋ ಚಿ ಮಿನ್ ಸಿಟಿ (ಹಳೆಯ ಸೈಗಾನ್). ಅಲ್ಲಿಂದ ಸುಮಾರು 350 ಕಿಲೋಮೀಟರ್ ಮೇಲಕ್ಕೆ ಬುವಾನ್ ಮ ತುವಾತ್, ಕಾಫಿ ನಾಡಿನ ಕೇಂದ್ರ. ರಾತ್ರಿ ಮಲಗುವ ಬಸ್ಸು ಇದೆ, ಕೋಣೆ ಬಾಡಿಗೆಯೂ ಉಳಿಯಿತು. ಅಲ್ಲಿ ಪಶ್ಚಿಮ ಗುಡ್ಡನಾಡಿನ ಕೃಷಿ ಮತ್ತು ಅರಣ್ಯ ವಿಜ್ಞಾನ ಸಂಸ್ಥೆ ಇದೆ. ಮೆಣಸು ಹೆಚ್ಚಿರುವುದು ಡಾಕ್ ಲಾಕ್, ಡಾಕ್ ನಾಂಗ್, ಗಿಯಾ ಲಾಯ್‌ಗಳಲ್ಲಿ. 2025ರ ಜುಲೈ 1ರಿಂದ ಪ್ರಾಂತ್ಯಗಳನ್ನು ಒಟ್ಟುಗೂಡಿಸಿದ್ದಾರೆ. ಡಾಕ್ ನಾಂಗ್ ಈಗ ಲಾಂ ಡಾಂಗ್ ಪ್ರಾಂತ್ಯದ ಭಾಗ. ಈಗ ಹೋಗುವವರು ಹೊಸ ನಕ್ಷೆ ನೋಡಿಕೊಳ್ಳಿ.

ಇಂಗ್ಲಿಷ್ ಪೇಟೆಯಲ್ಲೇ ಕಷ್ಟ, ಹಳ್ಳಿಯಲ್ಲಿ ಇಲ್ಲವೇ ಇಲ್ಲ. ಮೊಬೈಲಿನ ಭಾಷಾಂತರ ಊಟ-ದರಕ್ಕೆ ಸಾಕು, ರೋಗದ ಮಾತಿಗೆ ಸಾಲದು. ಮೂರು ದಿನ ಕಾರು ಮತ್ತು ದುಭಾಷಿಗೆ ಖರ್ಚು ಮಾಡಿದೆವು. ಇಲ್ಲಿ ಉಳಿಸಲು ಹೋಗಬೇಡಿ. ಪ್ರವಾಸದ ಲಾಭ ಇರುವುದೇ ಈ ಮೂರು ದಿನದಲ್ಲಿ.

ಬಾಡಿಗೆ ಸ್ಕೂಟರ್ ಹತ್ತಬೇಡಿ. ಭಾರತ ಕೊಡುವ ಅಂತರರಾಷ್ಟ್ರೀಯ ಡ್ರೈವಿಂಗ್ ಪರವಾನಗಿ 1949ರ ಒಪ್ಪಂದದ್ದು. ವಿಯೆಟ್ನಾಂ ಒಪ್ಪುವುದು 1968ರದ್ದನ್ನು. ಅಪಘಾತವಾದರೆ ವಿಮೆ ಹಣವೂ ಸಿಗಲಿಕ್ಕಿಲ್ಲ.

ಊಟದ ಚಿಂತೆ

ಸಸ್ಯಾಹಾರಿಗಳಿಗೆ ಗೊತ್ತಿರಬೇಕಾದ ಶಬ್ದ ಒಂದೇ: 'ಚಾಯ್'. ಹೀಗೆ ಬೋರ್ಡ್ ಹಾಕಿದ ಹೋಟೆಲುಗಳು ಬೌದ್ಧರ ಸಸ್ಯಾಹಾರದವು. ಬೇರೆ ಕಡೆ ತರಕಾರಿ ಪಲ್ಯಕ್ಕೂ ಮೀನಿನ ಸಾರ ಬೀಳುತ್ತದೆ. ಅನ್ನ ಎಲ್ಲ ಕಡೆ ಸಿಗುತ್ತದೆ. ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆವು. ಉಪ್ಪಿನಕಾಯಿ ಇದ್ದರೆ ಲಗೇಜಿಗೆ ಹಾಕಿ, ಕೈಚೀಲದಲ್ಲಿ ಬಿಡುವುದಿಲ್ಲ.

ಒಬ್ಬರ ಖರ್ಚು (ರೂ.)

ವಿಮಾನ, ಹೋಗಿ ಬರಲು – 23,500
ವೀಸಾ – 2,200
ವಿಮೆ – 900
ಊರಿಂದ ಬೆಂಗಳೂರು, ಹೋಗಿ ಬರಲು – 2,400
ಅಲ್ಲಿಯ ರಾತ್ರಿ ಬಸ್ಸು, ಎರಡು ಸಲ – 2,100
ಕೋಣೆ, ಆರು ರಾತ್ರಿ (ಮೂವರಲ್ಲಿ ಪಾಲು) – 3,600
ಊಟ, ತಿಂಡಿ – 6,300
ಕಾರು, ದುಭಾಷಿ (ಪಾಲು) – 7,400
ಸಿಮ್, ಇತರೆ – 1,300
ಒಟ್ಟು – 49,700

ಪಾಸ್‌ಪೋರ್ಟ್ ಖರ್ಚು ಬೇರೆ. ಅವರ ನಾಣ್ಯ ಡಾಂಗ್. ನಾವು ಹೋದಾಗ ಒಂದು ರೂಪಾಯಿಗೆ ಮುನ್ನೂರರ ಹತ್ತಿರ ಇತ್ತು. ಸೊನ್ನೆಗಳು ಜಾಸ್ತಿ, ನೋಟು ನಿಧಾನ ಎಣಿಸಿ ಕೊಡಿ.

ಏನು ನೋಡಿದೆವು?

ನಮ್ಮ ಹಾಗೆ ಅಡಿಕೆ, ಹಾಲುವಾಣ, ಸಿಲ್ವರ್ ಓಕಿನ ನೆರಳಿನಲ್ಲಿ ಅಲ್ಲ, ಬಯಲಲ್ಲಿ ಸಾಲು ಕಂಬ ನೆಟ್ಟು ಬಳ್ಳಿ ಹಬ್ಬಿಸುವುದು ಅಲ್ಲಿಯ ಪದ್ಧತಿ. ಕಾಂಕ್ರೀಟ್ ಕಂಬ, ಇಟ್ಟಿಗೆ ಗೋಪುರ ಎರಡೂ ಇವೆ. ಇಳುವರಿ ಭಾರೀ. ರೋಗ ಬಂದರೆ ಸಾಲು ಸಾಲೇ ಹೋಗುತ್ತದೆ. ಸರ್ಕಾರ ಹಾಕಿಕೊಂಡ ಮಿತಿ 50 ಸಾವಿರ ಹೆಕ್ಟೇರ್. 2017ರ ಹೊತ್ತಿಗೆ ಜನ ಬೆಳೆದದ್ದು ಒಂದೂವರೆ ಲಕ್ಷ. ದರ ಬಿತ್ತು, ಗಿಯಾ ಲಾಯ್‌ನ ಚು ಸೆ ಭಾಗದಲ್ಲಿ ಸೊರಗು ರೋಗದಿಂದ ತೋಟಗಳು ಒಣಗಿದವು, ಸಾಲ ಮಾಡಿದವರು ಮುಳುಗಿದರು. ಈಗ ಜೀವಂತ ಆಧಾರ ಮರ, ಬಸಿಗಾಲುವೆ, ಕಾಫಿ-ಡೂರಿಯನ್ ನಡುವೆ ಮೆಣಸು ಎಂಬ ಮಿಶ್ರ ಬೆಳೆಯತ್ತ ವಾಲುತ್ತಿದ್ದಾರೆ. ಅಂದರೆ ನಮ್ಮ ಹಳೆ ಪದ್ಧತಿಯತ್ತಲೇ!

ನನ್ನ ಮಟ್ಟಿಗೆ ಇದೇ ಐವತ್ತು ಸಾವಿರದ ಪಾಠ. ಅಡಿಕೆ ಹೋದ ಜಾಗಕ್ಕೆಲ್ಲ ಕಂಬ ನೆಟ್ಟು ಬರೀ ಮೆಣಸು ಮಾಡುವ ಯೋಚನೆ ಇತ್ತು. ಅದನ್ನು ಕೈಬಿಟ್ಟೆ. ಮಿಶ್ರ ಬೆಳೆ ಮುಂದುವರಿಸಿ, ಬಸಿಗಾಲುವೆಗೆ ಹಣ ಹಾಕಿದ್ದೇನೆ.

ಬಳ್ಳಿ ತರಬೇಡಿ

ಒಳ್ಳೆಯ ಬಳ್ಳಿ ಕಂಡರೆ ಒಂದು ತುಂಡು ಚೀಲಕ್ಕೆ ಹಾಕುವ ಆಸೆ ಎಲ್ಲರಿಗೂ ಆಗುತ್ತದೆ. 2003ರ ಸಸ್ಯ ಸಂಪರ್ಕನಿಷೇಧ ಆದೇಶದ ಪ್ರಕಾರ ಪರವಾನಗಿ ಇಲ್ಲದೆ ಗಿಡ, ಬಳ್ಳಿ, ಬೀಜ, ಮಣ್ಣು ತರುವಂತಿಲ್ಲ. ಕಾನೂನು ಬದಿಗಿರಲಿ, ಒಂದು ರೋಗ ಊರನ್ನೇ ಹೇಗೆ ಮುಗಿಸುತ್ತದೆ ಎಂದು ಶೃಂಗೇರಿ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಮೆಟ್ಟಿದ ಬೂಟನ್ನು ಅಲ್ಲೇ ಚೆನ್ನಾಗಿ ತೊಳೆದು ಒಣಗಿಸಿ ಬನ್ನಿ.

ಹೊರಡುವ ಮುಂಚೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೂ, ಸಾಧ್ಯವಾದರೆ ಕೇರಳದ ಪಣಿಯೂರಿನ ಮೆಣಸು ಸಂಶೋಧನಾ ಕೇಂದ್ರಕ್ಕೂ ಹೋಗಿ ಬನ್ನಿ. ಇಲ್ಲಿಯದು ಗೊತ್ತಿದ್ದರೆ ಅಲ್ಲಿ ಏನು ಕೇಳಬೇಕು ಎನ್ನುವುದು ತಿಳಿಯುತ್ತದೆ. ಕೇಳಬೇಕಾದ್ದನ್ನು ಇಪ್ಪತ್ತು ಪ್ರಶ್ನೆಯಾಗಿ ಬರೆದುಕೊಂಡು ಹೋಗಿ. ಮೂವರಿಗಿಂತ ಹೆಚ್ಚು ಜನ ಬೇಡ, ಒಂದು ಕಾರಿಗೆ ಅಷ್ಟೇ ಹಿಡಿಸುವುದು.