ಹಲಸಿಯ ತಾಮ್ರಶಾಸನಗಳೂ ಮುಕ್ತ ಭೂಮಾಹಿತಿ ತಂತ್ರಾಂಶವೂ: ಬೆಳಗಾವಿ-ಖಾನಾಪುರ ಪ್ರದೇಶದ ಚಾರಿತ್ರಿಕ ನಕ್ಷಾರಚನೆ

ಬೆಳಗಾವಿಯಿಂದ ದಕ್ಷಿಣಕ್ಕೆ ಹೊರಟು, ಖಾನಾಪುರವನ್ನು ದಾಟಿ, ನಂದಗಡದ ಮಾರ್ಗವಾಗಿ ಮುಂದುವರಿದರೆ ಹಲಸಿ ಗ್ರಾಮವು ದೊರೆಯುತ್ತದೆ. ಬನವಾಸಿಯ ಕದಂಬರ ಕಾಲದಲ್ಲಿ ಪಲಾಶಿಕೆ ಎಂಬ ಹೆಸರಿನಿಂದ ಪ್ರಸಿದ್ಧವಾಗಿದ್ದ ಈ ಊರಿನ ಹೊರಗೆ, ಚಕ್ರತೀರ್ಥವೆಂಬ ಚಿಕ್ಕ ಬಾವಿಯ ಸಮೀಪದ ಮಣ್ಣಿನ ದಿಬ್ಬದಲ್ಲಿ ಏಳು ತಾಮ್ರಶಾಸನಗಳು ದೊರೆತವು. ಜೆ. ಎಫ್. ಫ್ಲೀಟ್ ಅವರು ಇವನ್ನು 1877ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯ ಆರನೆಯ ಸಂಪುಟದಲ್ಲಿ ಪ್ರಕಟಿಸಿದರು. ಇವುಗಳಲ್ಲಿ ಹರಿವರ್ಮನ ನಾಲ್ಕನೆಯ ಆಳ್ವಿಕೆಯ ವರ್ಷದ ಶಾಸನವೊಂದನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಅರಸನು ಈ ದಾನವನ್ನು ಮಾಡಿದುದು ಉಚ್ಚಶೃಂಗಿ ಬೆಟ್ಟದಲ್ಲಿ. ಅದನ್ನು ವಿದ್ವಾಂಸರು ಉಚ್ಚಂಗಿದುರ್ಗವೆಂದು ಗುರುತಿಸಿದ್ದಾರೆ. ದಾನವಾಗಿ ಕೊಟ್ಟುದು ಸುದ್ದಿಕುಂದೂರ ವಿಷಯದ ವಸುಂತವಾಟಕವೆಂಬ ಗ್ರಾಮ. ಅದರ ಫಲವನ್ನು ಪಡೆದುದು ಪಲಾಶಿಕೆಯ ಜಿನಾಲಯ. ಹಲಗೆ ದೊರೆತುದು ಹಲಸಿಯ ಬಾವಿಯ ಬಳಿ.

ಹೀಗಿರುವಾಗ, ತರಗತಿಯ ನಕ್ಷೆಯಲ್ಲಿ ಈ ಶಾಸನಕ್ಕೆ ಒಂದು ಚುಕ್ಕೆಯನ್ನು ಎಲ್ಲಿ ಇಡಬೇಕು? ನಾವು ಸಾಮಾನ್ಯವಾಗಿ ಹಲಸಿಯಲ್ಲಿಯೇ ಇಡುತ್ತೇವೆ. ಅಂತಹ ಚುಕ್ಕೆಗಳನ್ನು ನೋಡಿ ಅರಸನ ಅಧಿಕಾರ ಇಷ್ಟು ದೂರ ಹಬ್ಬಿತ್ತೆಂದು ವಿದ್ಯಾರ್ಥಿಯು ತೀರ್ಮಾನಿಸುತ್ತಾನೆ. ಒಂದೇ ಶಾಸನದಲ್ಲಿ ಅಡಗಿರುವ ಇಷ್ಟು ಸ್ಥಳಸಂಬಂಧಗಳನ್ನು ಬೇರೆ ಬೇರೆಯಾಗಿ ಬರೆದಿಡಲು, ಅವುಗಳ ಆಧಾರವನ್ನು ಕಾಣಿಸಲು, ಇತರರು ಅದನ್ನು ಪರೀಕ್ಷಿಸುವಂತೆ ಮಾಡಲು ಸಾಧನವೊಂದು ಬೇಕು. ಮುಕ್ತ ಭೂಮಾಹಿತಿ ತಂತ್ರಾಂಶಗಳು ಈ ಕಾರ್ಯಕ್ಕೆ ಹೇಗೆ ನೆರವಾಗುತ್ತವೆ, ಅವುಗಳ ಮಿತಿಯೇನು ಎಂಬುದನ್ನು ನಮ್ಮ ಸ್ವಲ್ಪ ಅನುಭವದ ಬೆಳಕಿನಲ್ಲಿ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

1. ವ್ಯವಸ್ಥೆಯ ಸ್ವರೂಪ

ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಥವಾ ಜಿ.ಐ.ಎಸ್., ಎಂದರೆ ನಕ್ಷೆಯೂ ಕೋಷ್ಟಕವೂ ಒಂದಕ್ಕೊಂದು ಕಟ್ಟಿಕೊಂಡಿರುವ ಏರ್ಪಾಡು. ನಕ್ಷೆಯ ಮೇಲಿನ ಪ್ರತಿಯೊಂದು ಬಿಂದು, ರೇಖೆ, ಕ್ಷೇತ್ರಗಳ ಹಿಂದೆಯೂ ಕೋಷ್ಟಕದ ಒಂದು ಸಾಲು ಇರುತ್ತದೆ. ಮಲಪ್ರಭಾ ನದಿ ಒಂದು ರೇಖೆ. ಅದರ ಉಗಮಸ್ಥಾನವಾದ ಕಣಕುಂಬಿ ಒಂದು ಬಿಂದು. ಖಾನಾಪುರ ತಾಲ್ಲೂಕು ಒಂದು ಕ್ಷೇತ್ರ. ಹಳೆಯ ಭೂಪಟದ ಚಿತ್ರ, ಉಪಗ್ರಹದಿಂದ ತೆಗೆದ ಚಿತ್ರ, ನೆಲದ ಎತ್ತರದ ಅಂಕಿಗಳು ಇವೆಲ್ಲ ಚೌಕಳಿಗಳ ರೂಪದಲ್ಲಿ ಇದರೊಡನೆ ಸೇರುತ್ತವೆ. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನೋಡುವಂತೆ ಈ ಪದರಗಳನ್ನು ಕೂಡಿಸಿ ನೋಡಬಹುದು, ಬೇಡವಾದುದನ್ನು ಮರೆಮಾಡಬಹುದು.

ಹರಿವರ್ಮನ ಶಾಸನಕ್ಕೆ ಈ ಕ್ರಮದಲ್ಲಿ ನಾಲ್ಕು ಸಾಲುಗಳು ಬೇಕಾಗುತ್ತವೆ: ದೊರೆತ ಸ್ಥಳ, ದಾನವಿತ್ತ ಸ್ಥಳ, ದತ್ತಿಯ ಗ್ರಾಮ, ದತ್ತಿಯನ್ನು ಪಡೆದ ಸಂಸ್ಥೆಯ ಸ್ಥಳ. ಇವುಗಳ ಜೊತೆಗೆ ನಾವು ‘ನಿಶ್ಚಯ’ ಎಂಬ ಮತ್ತೊಂದು ಅಂಕಣವನ್ನು ಸೇರಿಸುತ್ತೇವೆ. ಪಲಾಶಿಕೆಯೇ ಹಲಸಿ ಎಂಬುದು ಖಚಿತ. ಧಾರವಾಡದ ಬಳಿಯ ನರೇಂದ್ರಕ್ಕೆ ಕುಂದೂರೆಂಬ ಪ್ರಾಚೀನ ನಾಮವಿದ್ದುದರಿಂದ ಸುದ್ದಿಕುಂದೂರನ್ನು ಆ ಕಡೆ ಗುರುತಿಸುವುದು ಸಂಭಾವ್ಯ. ವಸುಂತವಾಟಕವನ್ನು, ಹೆಸರಿನ ಹೋಲಿಕೆಯೊಂದನ್ನೇ ನೆಚ್ಚಿ, ಇಂದಿನ ಒಂದು ಹಳ್ಳಿಗೆ ಅಂಟಿಸುವುದು ಕೇವಲ ಊಹೆ. ಖಚಿತವಾದುದಕ್ಕೆ ತುಂಬಿದ ಚುಕ್ಕೆ, ಸಂಭಾವ್ಯಕ್ಕೆ ಬರಿಯ ವೃತ್ತ. ಊಹೆಗೆ ನಕ್ಷೆಯಲ್ಲಿ ಸ್ಥಾನವಿಲ್ಲ, ಕೋಷ್ಟಕದಲ್ಲಿ ಮಾತ್ರ ಉಂಟು.

2. ‘ಮುಕ್ತ’ ಎಂಬುದರ ಅರ್ಥ

ಮುಕ್ತ ತಂತ್ರಾಂಶವೆಂದೊಡನೆ ಹಣ ಕೊಡಬೇಕಾಗಿಲ್ಲವೆಂಬುದಷ್ಟೇ ಅನೇಕರ ಮನಸ್ಸಿಗೆ ಬರುತ್ತದೆ. ಪದವಿ ಕಾಲೇಜುಗಳ ಸ್ಥಿತಿಯನ್ನು ಬಲ್ಲವರಿಗೆ ಅದೂ ಸಣ್ಣ ವಿಷಯವಲ್ಲ. ಆದರೆ ಮೂಲಾರ್ಥ ಬೇರೆ. ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯಿಂದ ಬೆಳೆದು ಬಂದ ತತ್ತ್ವದಂತೆ, ಬಳಕೆದಾರನಿಗೆ ನಾಲ್ಕು ಸ್ವಾತಂತ್ರ್ಯಗಳಿರಬೇಕು: ಯಾವ ಉದ್ದೇಶಕ್ಕಾದರೂ ತಂತ್ರಾಂಶವನ್ನು ನಡೆಸುವುದು, ಅದರ ಒಳರಚನೆಯನ್ನು ಓದಿ ತಿದ್ದುವುದು, ಪ್ರತಿಗಳನ್ನು ಹಂಚುವುದು, ತಿದ್ದಿದ ಪ್ರತಿಗಳನ್ನೂ ಹಂಚುವುದು. 1989ರಲ್ಲಿ ಮೊದಲು ಪ್ರಕಟವಾದ ಗ್ನೂ ಸಾರ್ವಜನಿಕ ಪರವಾನಗಿಯು ಈ ಸ್ವಾತಂತ್ರ್ಯಗಳಿಗೆ ಕಾನೂನಿನ ರೂಪವನ್ನು ಕೊಟ್ಟಿತು.

ಭೂಮಾಹಿತಿಯ ಕ್ಷೇತ್ರದಲ್ಲಿ ಈ ಪರಂಪರೆಯ ಎರಡು ತಂತ್ರಾಂಶಗಳು ಮುಖ್ಯವಾದುವು. ಗ್ರಾಸ್ ಎಂಬುದು 1982ರಲ್ಲಿ ಅಮೆರಿಕದ ಸೈನ್ಯದ ನಿರ್ಮಾಣ ಸಂಶೋಧನಾಲಯದಲ್ಲಿ ಆರಂಭವಾಯಿತು. 1990ರ ದಶಕದಲ್ಲಿ ಸೈನ್ಯವು ಅದರಿಂದ ಕೈ ತೆಗೆದಾಗ, ಮೂಲ ಬರಹವು ತೆರೆದೇ ಇದ್ದುದರಿಂದ ವಿಶ್ವವಿದ್ಯಾಲಯಗಳ ವಿದ್ವಾಂಸರು ಅದನ್ನು ಮುಂದುವರಿಸಿದರು; 1999ರಲ್ಲಿ ಅದು ಗ್ನೂ ಪರವಾನಗಿಗೆ ಒಳಪಟ್ಟಿತು. ಗ್ಯಾರಿ ಶರ್ಮನ್ ಅವರು 2002ರಲ್ಲಿ ಆರಂಭಿಸಿದ ಕ್ವಾಂಟಮ್ ಜಿ.ಐ.ಎಸ್. 2009ರಲ್ಲಿ ತನ್ನ 1.0 ಆವೃತ್ತಿಯನ್ನು ತಲುಪಿತು. 2013ರಿಂದ ಅದರ ಹೆಸರು ಕ್ಯೂ.ಜಿ.ಐ.ಎಸ್. ಎಂದಷ್ಟೇ ಆಗಿದೆ. ಸಾಧಾರಣ ಗಣಕಯಂತ್ರದಲ್ಲಿಯೂ ಇದನ್ನು ನಡೆಸಬಹುದು. ಗ್ರಾಸ್‌ನ ಸಾಧನಗಳನ್ನೂ ಇದರೊಳಗಿನಿಂದ ಬಳಸಬಹುದು.

ಚರಿತ್ರಕಾರನಿಗೆ ಇದರಲ್ಲಿ ಮುಖ್ಯವಾದುದು ಪರಿಶೀಲನೆಯ ಅವಕಾಶ. ಶಾಸನವನ್ನು ಪ್ರಕಟಿಸುವವರು ತಮ್ಮ ಅರ್ಥವಿವರಣೆಯೊಂದನ್ನೇ ಕೊಡದೆ ಪಾಠವನ್ನೂ ಪಡಿಯಚ್ಚನ್ನೂ ಜೊತೆಗೆ ಕೊಡುತ್ತಾರೆ. ಐವತ್ತು ವರ್ಷಗಳ ನಂತರ ಮತ್ತೊಬ್ಬರು ಒಂದು ಅಕ್ಷರವನ್ನು ಬೇರೆಯಾಗಿ ಓದಬಹುದು. ನಕ್ಷೆಗೂ ಇದೇ ಮರ್ಯಾದೆ ಸಲ್ಲಬೇಕು. ಕೋಷ್ಟಕವನ್ನೂ, ಲೆಕ್ಕದ ಕ್ರಮವನ್ನೂ, ಆ ಲೆಕ್ಕವನ್ನು ಮಾಡಿದ ತಂತ್ರಾಂಶವನ್ನೂ ನಕ್ಷೆಯೊಡನೆ ಕೊಡಲು ಸಾಧ್ಯವಾಗುವುದು ತಂತ್ರಾಂಶವು ಮುಕ್ತವಾಗಿದ್ದಾಗ ಮಾತ್ರ. ಪರವಾನಗಿಯ ಅವಧಿ ಮುಗಿದೊಡನೆ ತೆರೆಯದಂತಾಗುವ ಕಡತದಲ್ಲಿ ವಿದ್ಯಾರ್ಥಿಯ ಎರಡು ವರ್ಷಗಳ ಶ್ರಮವು ಸಿಕ್ಕಿಬಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

3. ಹಳೆಯ ಹಾಳೆಯೂ ಹೊಸ ಬಿಂದುವೂ

ಬೆಳಗಾವಿ, ಖಾನಾಪುರ, ಹಲಸಿ ಇವು ಮೂರೂ ಭಾರತೀಯ ಸರ್ವೇಕ್ಷಣ ಇಲಾಖೆಯ 48-ಐ ಎಂಬ ಹಾಳೆಯ ವ್ಯಾಪ್ತಿಯಲ್ಲಿ ಬರುತ್ತವೆ. ಇಲಾಖೆಯ ಹಳೆಯ ಹಾಳೆಯೊಂದರ ಚಿತ್ರವನ್ನು ಗಣಕಯಂತ್ರಕ್ಕೆ ಏರಿಸಿ, ಅದರ ಅಕ್ಷಾಂಶ ರೇಖಾಂಶಗಳು ಕೂಡುವ ಬಿಂದುಗಳನ್ನು ಗುರುತಿಸಿ, ಅದನ್ನು ಭೂಮಿಯ ಮೇಲೆ ತನ್ನ ಸ್ಥಾನಕ್ಕೆ ಕೂಡಿಸುವುದು ನಮ್ಮ ಮೊದಲನೆಯ ಕೆಲಸವಾಗಿತ್ತು. ಅನಂತರ ಹಲಸಿಯಲ್ಲಿ ಕೈಫೋನಿನಿಂದ ಸ್ಥಾನಗಳನ್ನು ಪಡೆದು ತಂದೆವು. ಎರಡನ್ನೂ ಕೂಡಿಸಿ ನೋಡಿದಾಗ ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ ನೂರು ಮೀಟರಿಗೂ ಮಿಕ್ಕಿ ಸರಿದಿದ್ದುವು. ಹಳೆಯ ಸರ್ವೇಕ್ಷಕರು ತಪ್ಪಿದ್ದಾರೆಂದು ಟಿಪ್ಪಣಿಯನ್ನೂ ಬರೆದಿಟ್ಟೆವು.

ತಪ್ಪಿದವರು ನಾವು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಅವರು ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು ಆರಂಭಿಸಿದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣದ ಮುಂದುವರಿಕೆಯಲ್ಲಿ ಜಾರ್ಜ್ ಎವರೆಸ್ಟ್ ಅವರು 1830ರಲ್ಲಿ ಭೂಮಿಯ ಆಕಾರವನ್ನು ಲೆಕ್ಕಹಾಕಿದರು. ನಮ್ಮ ಹಳೆಯ ಹಾಳೆಗಳೆಲ್ಲ ಆ ಎವರೆಸ್ಟ್ ಗೋಳವನ್ನು ಅವಲಂಬಿಸಿವೆ. ಕೈಫೋನಿನ ಉಪಗ್ರಹ ಸ್ಥಾನವು ಡಬ್ಲ್ಯು.ಜಿ.ಎಸ್. 84 ಎಂಬ ಬೇರೊಂದು ಮಾನದಂಡದ್ದು. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಬಂದ ಮುಕ್ತ ಶ್ರೇಣಿಯ ಹಾಳೆಗಳೂ ಇದನ್ನೇ ಅನುಸರಿಸುತ್ತವೆ. ನಾವು ಹಳೆಯ ಹಾಳೆಗೂ ಹೊಸ ಮಾನದಂಡವನ್ನೇ ಸೂಚಿಸಿದ್ದೆವು. ಕ್ಯೂ.ಜಿ.ಐ.ಎಸ್. ಪ್ರತಿಯೊಂದು ಆಧಾರಬಿಂದುವನ್ನೂ ಅದರ ದೋಷಪ್ರಮಾಣವನ್ನೂ ಸರಳ ಅಕ್ಷರಕಡತದಲ್ಲಿ ಉಳಿಸುತ್ತದೆ. ಅದನ್ನು ನಮ್ಮ ವಿದ್ಯಾರ್ಥಿನಿಯೊಬ್ಬರು ಸಾಲುಸಾಲಾಗಿ ಓದುತ್ತ ತಪ್ಪನ್ನು ಕಂಡುಹಿಡಿದರು. ಮಾನದಂಡವನ್ನು ತಿದ್ದಿದೊಡನೆ ಬಿಂದುಗಳು ಸ್ವಸ್ಥಾನಕ್ಕೆ ಬಂದುವು. ಕಡತವು ಮುಚ್ಚಿದ್ದಾಗಿದ್ದರೆ ಸರ್ವೇಕ್ಷಕರ ಮೇಲಿನ ನಮ್ಮ ಆರೋಪವು ಅಚ್ಚಾಗುತ್ತಿತ್ತು.

4. ಹೆಸರುಗಳ ಪ್ರಶ್ನೆ

ಈ ಪ್ರದೇಶದಲ್ಲಿ ಒಂದು ಊರಿಗೆ ಹಲವು ಹೆಸರುಗಳುಂಟು. ಶಾಸನಗಳ ವೇಣುಗ್ರಾಮ ಆಂಗ್ಲರ ದಾಖಲೆಗಳಲ್ಲಿ ಬೆಲ್ಗಾಮ್ ಆಯಿತು. 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬೆಳಗಾವಿ. 1884ರ ಮುಂಬಯಿ ಗ್ಯಾಸೆಟಿಯರಿನಲ್ಲಿ ಹಲಸಿ ‘ಹಲ್ಸಿ’ಯಾಗಿದೆ, ಮರಾಠಿಯ ಉಚ್ಚಾರಣೆ ಹಲಶಿ. ಒಂದೇ ಬಿಂದುವಿಗೆ ಈ ರೂಪಗಳನ್ನೆಲ್ಲ ಬೇರೆ ಬೇರೆ ಅಂಕಣಗಳಲ್ಲಿ ಬರೆಯುವುದು ಉಚಿತ. ಒಂದನ್ನು ಉಳಿಸಿ ಉಳಿದುದನ್ನು ಅಳಿಸುವುದು ಆಧಾರವನ್ನೇ ಅಳಿಸಿದಂತೆ.

ಇಲ್ಲಿ ಒಂದು ವ್ಯಾವಹಾರಿಕ ಸೂಚನೆಯನ್ನು ಕೊಡಬೇಕಾಗಿದೆ. ಬಹಳ ಕಾಲದಿಂದ ಬಳಕೆಯಲ್ಲಿರುವ ಶೇಪ್‌ಫೈಲ್ ಎಂಬ ಕಡತದ ಬಗೆಯಲ್ಲಿ ಅಂಕಣದ ಹೆಸರಿಗೆ ಹತ್ತು ಘಟಕಗಳ ಮಿತಿಯಿದೆ. ಯೂನಿಕೋಡಿನ ಸಾಮಾನ್ಯ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಮೂರು ಘಟಕಗಳನ್ನು ನುಂಗುವುದರಿಂದ ‘ಗ್ರಾಮ’ ಎಂಬ ಎರಡಕ್ಷರದ ಮಾತೂ ಅದರಲ್ಲಿ ಹಿಡಿಸದು. 2014ರಲ್ಲಿ ಪ್ರಕಟವಾದ ಜಿಯೋಪ್ಯಾಕೇಜ್ ಎಂಬ ಮುಕ್ತ ಮಾದರಿಗೆ ಈ ತೊಡಕಿಲ್ಲ. ಕನ್ನಡದಲ್ಲಿ ಕೋಷ್ಟಕವನ್ನು ಬರೆಯುವವರು ಅದನ್ನೇ ಆರಿಸಿಕೊಳ್ಳುವುದು ಲೇಸು.

5. ಗಡಿಯ ರೇಖೆ

ತಂತ್ರಾಂಶದಿಂದ ಬರುವ ಅಪಾಯವನ್ನೂ ಹೇಳದಿದ್ದರೆ ವಿವರಣೆಯು ಅಪೂರ್ಣವಾಗುತ್ತದೆ. ಗೋವೆಯ ಕದಂಬರ ಶಾಸನಗಳಲ್ಲಿ ‘ಪಲಸಿಗೆ ಹನ್ನೆರಡು ಸಾಸಿರ’ವೆಂಬ ನಾಡು ಮತ್ತೆ ಮತ್ತೆ ಬರುತ್ತದೆ, ವೇಣುಗ್ರಾಮ ಎಪ್ಪತ್ತು, ರಟ್ಟರ ಕೂಂಡಿ ಮೂರು ಸಾಸಿರ ಇವೂ ಅಂತಹವೇ. ಇವುಗಳ ನಕ್ಷೆಯನ್ನು ಬರೆಯಲು ಹೊರಟರೆ ತಂತ್ರಾಂಶವು ಸುತ್ತಲೂ ಮುಚ್ಚಿದ ರೇಖೆಯೊಂದನ್ನು ಕೇಳುತ್ತದೆ. ಇಂತಹ ನಾಡಿನ ಸುತ್ತ ಅಳೆದು ನಕ್ಷೆಗಿಳಿಸಿದ ಎಲ್ಲೆಯೊಂದನ್ನು ಶಾಸನಗಳು ನಮಗೆ ಕೊಟ್ಟಿಲ್ಲ. ಅವು ಕೊಡುವುದು ಇಂತಹ ಊರು ಇಂತಹ ನಾಡಿನೊಳಗಿತ್ತು ಎಂಬ ಬಿಡಿ ಬಿಡಿ ಸಾಕ್ಷ್ಯ. ಆ ಬಿಂದುಗಳ ಹೊರಗೆ ಎಳೆದ ರೇಖೆಯು ನಮ್ಮದು. ಅದಕ್ಕೆ ಬಣ್ಣ ತುಂಬಿದರೆ, ನೋಡುವವನಿಗೆ ಅದು ಕದಂಬರೇ ಎಳೆದ ಗಡಿಯಂತೆ ತೋರುತ್ತದೆ.

ಬೆಳಗಾವಿಯಲ್ಲಿ ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. 1956ರ ರಾಜ್ಯ ಪುನರ್ವಿಂಗಡಣೆ, 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ, 2004ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಮೊಕದ್ದಮೆ ಇವುಗಳ ನೆನಪಿನಲ್ಲಿ ಬೆಳೆದ ವಿದ್ಯಾರ್ಥಿಗಳು ನಮ್ಮ ತರಗತಿಗಳಲ್ಲಿ ಎರಡೂ ಭಾಷೆಗಳ ಮನೆಗಳಿಂದ ಬಂದು ಒಟ್ಟಿಗೆ ಕುಳಿತಿರುತ್ತಾರೆ. ಹನ್ನೆರಡನೆಯ ಶತಮಾನದ ನಾಡಿಗೆ ನಾವು ಎಳೆದ ಗೆರೆ ಮರುದಿನ ವಾದದ ಸಾಧನವಾಗಬಹುದು. ಆದಕಾರಣ ನಾವು ಸಾಕ್ಷ್ಯವುಳ್ಳ ಬಿಂದುಗಳನ್ನು ಮಾತ್ರ ತೋರಿಸಿ, ಕ್ಷೇತ್ರವನ್ನು ತುಂಬದೆ ಬಿಡುತ್ತೇವೆ. ನಮ್ಮ ಬಿಂದುವನ್ನು ಒಪ್ಪದವನಿಗೆ ಕೋಷ್ಟಕವನ್ನು ಕೊಟ್ಟು, ಯಾವ ಸಾಲು ತಪ್ಪೆಂದು ತೋರಿಸಿರೆಂದು ಕೇಳಬಹುದು. ಆಗ ಜಗಳವು ಶಾಸನದ ಪಾಠಕ್ಕೆ ಹಿಂತಿರುಗುತ್ತದೆ.

ಪ್ರಾಚೀನ ದಾರಿಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅಗತ್ಯ. ಬೆಳಗಾವಿಯಿಂದ ಗೋವೆಗೆ ಇಂದು ಜಾಂಬೋಟಿ, ಕಣಕುಂಬಿಗಳ ಮೂಲಕ ಚೋರ್ಲಾ ಘಟ್ಟದ ದಾರಿಯೂ, ಖಾನಾಪುರ, ಲೋಂಡಾಗಳ ಮೂಲಕ ಅನಮೋಡ ಘಟ್ಟದ ದಾರಿಯೂ ಇವೆ. ನೆಲದ ಏರಿಳಿತವನ್ನು ಕೊಟ್ಟರೆ, ನಡೆಯುವವನಿಗೆ ಅತ್ಯಲ್ಪ ಶ್ರಮದ ಮಾರ್ಗವನ್ನು ಗ್ರಾಸ್ ಲೆಕ್ಕಹಾಕಿ ತೋರಿಸುತ್ತದೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ವ್ಯೋಮನೌಕೆಯಿಂದ ರೇಡಾರಿನ ಮೂಲಕ ಅಳೆದ ಎತ್ತರದ ಅಂಕಿಗಳು ಇದಕ್ಕೆ ಉಚಿತವಾಗಿ ದೊರೆಯುತ್ತವೆ. ಆದರೆ ದಟ್ಟವಾದ ಕಾಡಿನಲ್ಲಿ ಆ ರೇಡಾರು ನೆಲವನ್ನು ಪೂರ್ಣವಾಗಿ ಮುಟ್ಟಿರುವುದಿಲ್ಲ; ಖಾನಾಪುರದ ಪಶ್ಚಿಮ ಭಾಗದಲ್ಲಿ ಅದರ ಅಂಕಿಯೊಳಗೆ ಮರಗಳ ಎತ್ತರವೂ ಸೇರಿರುತ್ತದೆ. ಲೆಕ್ಕದ ದಾರಿಯನ್ನು ಹಿಡಿದು ಹೋಗಿ ವೀರಗಲ್ಲು, ಗಡಿಗಲ್ಲು, ಹಳೆಯ ಕೆರೆಗಳನ್ನು ಹುಡುಕಬಹುದು. ಅವು ದೊರೆಯುವವರೆಗೆ ಅದು ಸೂಚನೆ ಮಾತ್ರ.

6. ಉಪಸಂಹಾರ

ಈ ಕೆಲಸವನ್ನು ಆರಂಭಿಸಲು ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ಒಂದು ಕಾಲೇಜು ತನ್ನ ಹೋಬಳಿಯ ಶಾಸನಗಳನ್ನು ಮಾತ್ರ ತೆಗೆದುಕೊಂಡು, ಪ್ರತಿಯೊಂದು ಸ್ಥಳಕ್ಕೂ ಒಂದು ಸಾಲು, ಪ್ರತಿ ಸಾಲಿಗೂ ಒಂದು ಆಧಾರ, ಒಂದು ನಿಶ್ಚಯದ ಗುರುತು ಎಂಬ ನಿಯಮದಿಂದ ಕೋಷ್ಟಕವನ್ನು ಸಿದ್ಧಪಡಿಸಬಹುದು. ನಕ್ಷೆಯನ್ನು ಅಚ್ಚುಮಾಡುವಾಗ ಕೋಷ್ಟಕವನ್ನೂ ಮಾನದಂಡದ ಹೆಸರನ್ನೂ ತಂತ್ರಾಂಶದ ಆವೃತ್ತಿಯನ್ನೂ ಅದರೊಡನೆ ಕೊಡಬೇಕು. ಪಕ್ಕದ ಕಾಲೇಜು ಅದೇ ಕ್ರಮವನ್ನು ಅನುಸರಿಸಿದರೆ ಎರಡನ್ನೂ ಕೂಡಿಸುವುದು ಕೆಲವು ನಿಮಿಷಗಳ ಕೆಲಸ.

ಹಲಸಿಯ ಏಳು ತಾಮ್ರಶಾಸನಗಳಿಗೆ ಸಂಬಂಧಿಸಿದ ನಮ್ಮ ಕೋಷ್ಟಕದಲ್ಲಿ ‘ಊಹೆ’ ಎಂಬ ಗುರುತುಳ್ಳ ಸಾಲುಗಳು ಇನ್ನೂ ಉಳಿದಿವೆ. ಅವುಗಳ ಪ್ರತಿಯನ್ನು ಕೇಳಿದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಕೊಡಲು ನಾವು ಸಿದ್ಧರಿದ್ದೇವೆ. ಆ ಊರುಗಳನ್ನು ಬಲ್ಲವರು ಅವುಗಳಲ್ಲಿ ಒಂದೆರಡು ಸಾಲುಗಳನ್ನಾದರೂ ತಿದ್ದಿ ಹಿಂತಿರುಗಿಸಿದರೆ ನಮ್ಮ ಶ್ರಮವು ಸಾರ್ಥಕವಾದೀತು.