ಉಡುಗೊರೆಯೋ, ಕೂಲಿಯೋ?

ಆಗಮನ ಕಾಲದ ನೇರಳೆ ಬಣ್ಣದ ಪೂಜಾವಸ್ತ್ರವನ್ನು ನಾವು ಧರಿಸುವುದಕ್ಕೆ ಮುನ್ನವೇ ಪೇಟೆಯಲ್ಲಿ ಕ್ರಿಸ್ಮಸ್ ಬಂದಿರುತ್ತದೆ. ಅಂಗಡಿಯ ಬಾಗಿಲಲ್ಲಿ ಕೆಂಪು ಟೊಪ್ಪಿಗೆಯ ಸಾಂತಾಕ್ಲಾಸ್, ಅವನ ಹಿಂದೆ ಆಟಿಕೆಗಳ ರಾಶಿ. ವ್ಯಾಪಾರಿಗಳನ್ನು ದೂಷಿಸುವುದು ಸುಲಭ. ಮಾರುವುದು ಅವರ ವೃತ್ತಿ. ನಮ್ಮನ್ನು ಕಾಡುವುದು ಮನೆಯೊಳಗಿನ ಮಾತು: "ತೊಂಬತ್ತು ಅಂಕ ತಂದರೆ ಮಾತ್ರ ಸಾಂತಾ ಸೈಕಲ್ ತರುತ್ತಾನೆ, ನೋಡು."

ಧರ್ಮೋಪದೇಶದ ತರಗತಿಯೊಂದರಲ್ಲಿ, ಉಡುಗೊರೆ ಎಂದರೇನೆಂದು ಮಕ್ಕಳನ್ನು ಕೇಳಿದೆವು. "ಒಳ್ಳೆಯವರಾಗಿದ್ದರೆ ಸಿಗುವುದು, ಫಾದರ್" ಎಂದಳು ಒಬ್ಬ ಬಾಲಕಿ. ಉಳಿದವರು ಹೌದೆಂದು ತಲೆಯಾಡಿಸಿದರು. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಹುಡುಗ ಮಾತ್ರ ತಲೆಯೆತ್ತಲಿಲ್ಲ. ಅವನ ತಂದೆಗೆ ಆ ವರ್ಷ ಕೆಲಸವಿರಲಿಲ್ಲ. ಹಬ್ಬಕ್ಕೆ ಮನೆಗೆ ಏನೂ ಬಂದಿರಲಿಲ್ಲ. ಒಳ್ಳೆಯವರಿಗೆ ಉಡುಗೊರೆ ಸಿಗುತ್ತದೆ ಎಂದಾದರೆ, ಏನೂ ಸಿಗದ ಈ ಹುಡುಗ ಯಾರು? ಮಕ್ಕಳು ತರ್ಕಶಾಸ್ತ್ರ ಓದಿರುವುದಿಲ್ಲ, ಆದರೆ ಇಂಥ ತೀರ್ಮಾನಕ್ಕೆ ಬರಲು ಅವರಿಗೆ ಅದರ ಅಗತ್ಯವೂ ಇಲ್ಲ. ಬಡವರ ಮನೆಯ ಮಗು ತಾನು ಬಡವನೆಂಬುದರ ಜೊತೆಗೆ ತಾನು ಅಯೋಗ್ಯನೆಂಬುದನ್ನೂ ಕಲಿಯುತ್ತದೆ. ಉಳ್ಳವರ ಮಗುವೋ, ತನಗೆ ಸಿಕ್ಕಿದ್ದೆಲ್ಲವೂ ತಾನು ಗಳಿಸಿದ್ದೇ ಎಂದು ನಂಬುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ ಎಂಬುದು ನಮ್ಮ ಅಭಿಪ್ರಾಯ.

ಪ್ರತಿಫಲದ ಉದ್ದೇಶವಿಲ್ಲದೆ ಕೊಟ್ಟದ್ದೇ ನಿಜವಾದ ಕೊಡುಗೆ ಎಂದು ಸಂತ ಥಾಮಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ ಹೇಳುತ್ತಾರೆ. ಹಾಗೆ ಕೊಡಲು ಕಾರಣ ಪ್ರೀತಿ. ಆದುದರಿಂದ ಮೊದಲು ಕೊಡಲ್ಪಡುವುದು ಪ್ರೀತಿಯೇ, ವಸ್ತು ಅದರ ಹಿಂದೆ ಬರುತ್ತದೆ. ಗುರುಮಠದ ತರಗತಿಗೆ ಸೇರಿದ ಈ ಮಾತು ಅಡುಗೆಮನೆಗೆ ಏಕೆ ಎಂದು ಕೆಲವರು ಕೇಳಿಯಾರು. ಅಂಕಕ್ಕೆ ಬದಲಾಗಿ ಕೊಟ್ಟ ಸೈಕಲ್ ಕೂಲಿಯೇ ಹೊರತು ಉಡುಗೊರೆಯಲ್ಲ ಎಂಬುದು ತಿಳಿಯಬೇಕಾದದ್ದು ಅಡುಗೆಮನೆಯಲ್ಲಿಯೇ. ಓದಿದ ಮಗುವಿಗೆ ಬಹುಮಾನ ಬೇಡವೆಂದು ನಾವು ಹೇಳುತ್ತಿಲ್ಲ. ಅದನ್ನು ಬಹುಮಾನವೆಂದೇ ಕರೆದು, ಪರೀಕ್ಷೆಯ ಫಲಿತಾಂಶ ಬಂದ ದಿನ ಕೊಟ್ಟುಬಿಡಿ, ಕ್ರಿಸ್ತಜಯಂತಿಗೆ ಕಟ್ಟಿಹಾಕಬೇಡಿ.

ಸಾಂತಾಕ್ಲಾಸನ ಮೂಲಪುರುಷರಾದ ಸಂತ ನಿಕೋಲಾಸರು ನಾಲ್ಕನೆಯ ಶತಮಾನದಲ್ಲಿ, ಇಂದಿನ ತುರ್ಕಿಗೆ ಸೇರಿದ ಮೈರಾ ಪಟ್ಟಣದ ಧರ್ಮಾಧ್ಯಕ್ಷರಾಗಿದ್ದರು. ವರದಕ್ಷಿಣೆಗೆ ಗತಿಯಿಲ್ಲದ ತಂದೆಯೊಬ್ಬನ ಮೂವರು ಹೆಣ್ಣುಮಕ್ಕಳಿಗಾಗಿ ಅವರು ಹೊನ್ನಿನ ಗಂಟನ್ನು ರಾತ್ರಿಯಲ್ಲಿ ಕಿಟಕಿಯಿಂದ ಒಳಗೆಸೆದರೆಂಬುದು ಐತಿಹ್ಯ. ಆ ಮಕ್ಕಳು ಒಳ್ಳೆಯವರೇ ಎಂದು ಅವರು ವಿಚಾರಿಸಲಿಲ್ಲ. ಕೊಟ್ಟವರು ಯಾರೆಂದು ತಿಳಿಯಬಾರದೆಂದೇ ಕತ್ತಲೆಯನ್ನು ಆರಿಸಿಕೊಂಡರು. ಒಳ್ಳೆಯವರ ಮತ್ತು ತುಂಟರ ಪಟ್ಟಿ ಹಿಡಿದ ಇಂದಿನ ಸಾಂತಾನಿಗೂ ಈ ಧರ್ಮಾಧ್ಯಕ್ಷರಿಗೂ ಗಡ್ಡವೊಂದನ್ನು ಬಿಟ್ಟರೆ ಸಾಮ್ಯ ಕಡಿಮೆ.

ಬೆತ್ಲೆಹೇಮಿನಲ್ಲಿ ಕುರಿಗಾಹಿಗಳಿಗೆ ದೇವದೂತನು ಯಾವ ಷರತ್ತನ್ನೂ ವಿಧಿಸಲಿಲ್ಲ. ದನದ ಮೇವಿನ ತೊಟ್ಟಿಯಲ್ಲಿ ಶಿಶುವನ್ನು ಕಾಣುವಿರಿ ಎಂದು ತಿಳಿಸಿದನು, ಅವರು ಹೋದರು. ಆ ಶಿಶುವನ್ನು ದೇವಾಲಯಕ್ಕೆ ಒಯ್ದಾಗ ಮಾತೆ ಮರಿಯಳೂ ಸಂತ ಜೋಸೆಫರೂ ಸಲ್ಲಿಸಿದ್ದು ಕುರಿಮರಿಯಲ್ಲ, ಹಕ್ಕಿಗಳ ಜೋಡಿ. ಲೇವಿಯರ ಗ್ರಂಥದ ಪ್ರಕಾರ ಕುರಿಮರಿಗೆ ಶಕ್ತಿಯಿಲ್ಲದವರ ಕಾಣಿಕೆ ಅದು. ಹಿಂದಿನ ಬೆಂಚಿನ ಹುಡುಗನಿಗೆ ನಾವು ಮರುವಾರ ಹೇಳಿದ್ದು ಇದನ್ನೇ. ಬಟ್ಟೆ ವ್ಯಾಪಾರಿಯ ಮಗನಾಗಿ ಹುಟ್ಟಿ ಎಲ್ಲವನ್ನೂ ತೊರೆದ ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಏರ್ಪಡಿಸಿದ ಗೋದಲಿಯಲ್ಲಿದ್ದುದು ಹುಲ್ಲು, ಎತ್ತು, ಕತ್ತೆ. ನಮ್ಮ ಗೋದಲಿ ಸ್ಪರ್ಧೆಗಳ ತೀರ್ಪುಗಾರರು ಅದಕ್ಕೆ ಎಷ್ಟು ಅಂಕ ಕೊಡುತ್ತಿದ್ದರೋ!

ಅದೃಷ್ಟವಶಾತ್ ನಮ್ಮ ಕರಾವಳಿಯ ಮನೆಗಳಲ್ಲಿ ಕುಸ್ವಾರ್ ಹಂಚುವ ಸಂಪ್ರದಾಯ ಇನ್ನೂ ಉಳಿದಿದೆ. ಕಿಡಿಯೊ, ಗುಳಿಯೊ, ನೆವ್ರಿಗಳನ್ನು ತಟ್ಟೆಯಲ್ಲಿಟ್ಟು ಹಿಂದೂ, ಮುಸ್ಲಿಂ ನೆರೆಹೊರೆಯವರಿಗೆ ಕಳುಹಿಸುತ್ತೇವೆ. ಬೇಕರಿಯಿಂದ ತಂದದ್ದಾದರೂ ದೋಷವಿಲ್ಲ. ಆದರೆ ಇಲ್ಲಿಯೂ ಲೆಕ್ಕ ನುಸುಳಿದೆ: ದೀಪಾವಳಿಗೆ ಯಾರು ಕೊಟ್ಟರು, ಈದಿಗೆ ಯಾರು ಮರೆತರು ಎಂಬ ಮಾತು ಮಕ್ಕಳ ಕಿವಿಗೂ ಬೀಳುತ್ತದೆ. ಈ ವರ್ಷ, ನಮಗೆ ಎಂದೂ ಏನನ್ನೂ ಕಳುಹಿಸದ ಒಂದು ಮನೆಯನ್ನು ಮಕ್ಕಳೇ ಆರಿಸಲಿ. ತಟ್ಟೆಯನ್ನು ಅವರೇ ಹೊತ್ತು ಹೋಗಲಿ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ನಮ್ಮ ಹಿರಿಯರು ಅದರಲ್ಲಿ ಒಂದಿಷ್ಟು ಸಕ್ಕರೆ ಹಾಕಿ ಕಳುಹಿಸುತ್ತಿದ್ದರು. ಅದು ಬರಿದಾಗಿಯೇ ಬಂದರೂ ಬರಲಿ.